ಬೇವಿನ ಚಮಚ ಮೂರನೇ ದಿನಕ್ಕೇ ಸೀಳಿತು, ಎಲ್ಲಿ ತಪ್ಪಿದೆ?

ನವನಗರದವ
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ಮನೆ ಮುಂದಿನ ಬೇವಿನ ಗಿಡದ ಟೊಂಗೆಯೊಂದು ಕರೆಂಟ್ ತಂತಿಗೆ ತಾಗುತ್ತಿದೆ ಅಂತ ಕಳೆದ ತಿಂಗಳು ಕಡಿದು ಹಾಕಿದರು. ಮಣಿಕಟ್ಟಿನಷ್ಟು ದಪ್ಪ, ನೆಟ್ಟಗಿತ್ತು. ಒಲೆಗೆ ಹಾಕಲು ಮನಸ್ಸಾಗಲಿಲ್ಲ. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿದ್ದೆ, ಇಷ್ಟೇ ಅಲ್ವಾ ಅನ್ನಿಸಿ ಚಮಚ ಕೆತ್ತಲು ಕೂತೆ.

ಒಂದು ಗೇಣಿಗಿಂತ ಸ್ವಲ್ಪ ಉದ್ದ ಕೊಯ್ದುಕೊಂಡೆ. ಹೊರಗಿನ ಆಕಾರ ಚಾಕುವಿನಲ್ಲೇ ಆಯಿತು. ಗುಳಿ ತೆಗೆಯಲು ಏನೂ ಇರಲಿಲ್ಲ, ಪಕ್ಕದ ಮನೆಯಿಂದ ಅರ್ಧ ಇಂಚಿನ ಉಳಿ ತಂದು ಕೆರೆದೆ. ಎರಡು ರವಿವಾರ ಹೋಯಿತು, ಹೆಬ್ಬೆರಳಿಗೆ ಎರಡು ಪಟ್ಟಿ ಬಿತ್ತು. ಪಾಲಿಶ್ ಪೇಪರ್ ತಿಕ್ಕಿ, ತೊಳೆದು, ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಮೂರನೇ ದಿನ ನೋಡಿದರೆ ಗುಳಿಯ ತುದಿಯಿಂದ ಹಿಡಿಕೆವರೆಗೆ ಸೀಳು. ಉಗುರು ಒಳಗೆ ಹೋಗುತ್ತೆ.

ಬೇವು ಇದಕ್ಕೆ ಆಗಿಬರಲ್ವಾ? ಒಳಗೆ ಕೆರೆಯುವ ಬಾಗಿದ ಚಾಕು ನಮ್ಮ ಕಡೆ ಎಲ್ಲಿ ಸಿಗುತ್ತೆ? ಎಣ್ಣೆ ಯಾವುದು ಹಚ್ಚಬೇಕು?

ಅವ್ವ ನೋಡಿ ಅಂದಿದ್ದು ಇಷ್ಟೇ: "ಇದು ಚಮಚಾ ಅಲ್ಲೋ ತಮ್ಮಾ, ದ್ವಾಣಿ ಹುಟ್ಟು ಆಗೇತಿ."

ಗುಮ್ಮಟದ ಪಿಸುಮಾತು
ಅವ್ವ ಹೇಳಿದ್ದು ತಪ್ಪೇನಿಲ್ಲ. ಅಡುಗೆಮನೆಯಲ್ಲೂ ಅದು ಹುಟ್ಟೇ, ದೋಣಿಯಲ್ಲೂ ಹುಟ್ಟೇ. ಕೃಷ್ಣಾ ಹಿನ್ನೀರು ಹತ್ತಿರವೇ ಇದೆ, ಇಳಿಸಿ ನೋಡಿ.

ಬಡಿಗೇರ ಮನೆ
ತಮ್ಮಾ, ಒಂದೇ ಪ್ರಶ್ನೆ. ಟೊಂಗೆಯನ್ನು ಉದ್ದಕ್ಕೆ ಎರಡು ಹೋಳು ಸೀಳಿದೆಯಾ, ಇಲ್ಲಾ ಇಡೀ ದುಂಡನೇ ಕೆತ್ತಿದೆಯಾ? ಗುಳಿಯ ತುದಿಯಲ್ಲಿ ಕಂದು ಚುಕ್ಕೆ ಏನಾದರೂ ಕಾಣುತ್ತಾ?

ನವನಗರದವ
ದುಂಡನೇ ಕೆತ್ತಿದೆ ಸರ. ಹೌದು, ತುದಿಯಲ್ಲಿ ಸಣ್ಣ ಕಂದು ಚುಕ್ಕೆ ಇದೆ. ಸೀಳು ಶುರುವಾಗಿದ್ದೇ ಅಲ್ಲಿಂದ.

ಬಡಿಗೇರ ಮನೆ
ಹಾಗಾದರೆ ಬೇವನ್ನು ಬೈಯಬೇಡ. ಆ ಚುಕ್ಕೆ ಟೊಂಗೆಯ ತಿರುಳು. ಒಣಗುವಾಗ ಕಟ್ಟಿಗೆ ಎಲ್ಲಾ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತಿರುಳಿನಿಂದ ಸಿಪ್ಪೆಯ ಕಡೆಗೆ ಸ್ವಲ್ಪ ಕುಗ್ಗುತ್ತೆ. ಬಳೆ ಹಾಗೆ ಸುತ್ತ ಇರುವ ದಿಕ್ಕಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಕುಗ್ಗುತ್ತೆ. ಹೊರಗಿನ ಬಳೆ ಚಿಕ್ಕದಾಯಿತು, ಒಳಗಿನ ತಿರುಳು ಜಾಗ ಬಿಡಲಿಲ್ಲ. ಏನಾಗಬೇಕು? ಬಳೆ ಒಡೆಯಲೇಬೇಕು. ಹಿತ್ತಲಲ್ಲಿ ಬಿದ್ದಿರುವ ಯಾವುದೇ ದುಂಡು ಕಟ್ಟಿಗೆಯ ತುದಿ ನೋಡು, ನಕ್ಷತ್ರದ ಹಾಗೆ ಬಿರುಕು ಇರುತ್ತೆ.

ಮುಂದಿನ ಸಲ ಗರಗಸದಲ್ಲಿ ಉದ್ದಕ್ಕೆ ಕೊಯ್ಯಬೇಡ. ಕೊಡಲಿ ಇಟ್ಟು ಕೊಡತಿಯಿಂದ ಬಡಿದು ಸೀಳು. ಸೀಳು ನಾರಿನ ಜೊತೆಗೇ ಹೋಗುತ್ತೆ, ಗರಗಸ ನಾರನ್ನು ಕತ್ತರಿಸಿಕೊಂಡು ಹೋಗುತ್ತೆ. ಹಿಡಿಕೆಯಲ್ಲಿ ನಾರು ಕತ್ತರಿಸಿದ್ದರೆ ಒಂದು ದಿನ ಪಟ್ಟನೆ ಮುರಿಯುತ್ತೆ. ಒಂದೊಂದು ಹೋಳಿನಿಂದ ತಿರುಳಿನ ಭಾಗವನ್ನು ಅರ್ಧ ಬೆರಳಷ್ಟು ತೆಗೆದು ಬಿಸಾಕು. ಮಣಿಕಟ್ಟಿನ ದಪ್ಪದ ಟೊಂಗೆಯಲ್ಲಿ ಎರಡು ಸಣ್ಣ ಚಮಚ ಬರುತ್ತವೆ, ದೊಡ್ಡದು ಬರಲ್ಲ.

ಎರಡನೇ ತಪ್ಪು ಬಿಸಿಲು. ಬಾಗಲಕೋಟೆ ಬಿಸಿಲಿಗೆ ಹಪ್ಪಳ ಇಡು, ಚಮಚ ಇಡಬೇಡ.

ಸವದತ್ತಿ ಕಡೆಯವ
ಒಪ್ಪಲ್ಲ. ಮೂಲ ತಪ್ಪು ಹಸಿ ಕಟ್ಟಿಗೆ. ನಮ್ಮ ಅಜ್ಜ ಬಾಗಿಲು ಮಾಡಿಸುವಾಗ ಸಾಗವಾನಿ ಹಲಗೆಯನ್ನು ಎರಡು ವರ್ಷ ದನದ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟಿದ್ದರು. ಮೊದಲು ಒಣಗಿಸಬೇಕು, ಆಮೇಲೆ ಉಳಿ ಮುಟ್ಟಿಸಬೇಕು. ವಿಡಿಯೊ ನೋಡಿ ಹಸಿದನ್ನು ಕೆತ್ತಿದರೆ ಹೀಗೇ ಆಗುವುದು.

ಬಡಿಗೇರ ಮನೆ
ಅಜ್ಜ ಮಾಡಿದ್ದು ಸರಿ ರೀ, ಬಾಗಿಲಿಗೆ. ಬಾಗಿಲಲ್ಲಿ ಕೂಡು ಇರುತ್ತೆ, ಒಂದು ಹಲಗೆ ಕುಗ್ಗಿದರೆ ಇನ್ನೊಂದು ಸಂದಿ ಬಿಡುತ್ತೆ. ಚಮಚಕ್ಕೆ ಕೂಡು ಎಲ್ಲಿದೆ? ಒಂದೇ ತುಂಡು, ಅದೂ ತೆಳು. ಸಮ ತೆಳುವಾಗಿದ್ದರೆ ಒಣಗುವಾಗ ಸುಮ್ನೆ ಸ್ವಲ್ಪ ಸೊಟ್ಟ ಆಗುತ್ತೆ, ಒಡೆಯಲ್ಲ. ಒಣ ಬೇವು, ಒಣ ಜಾಲಿ ಮೇಲೆ ಬರೀ ಚಾಕು ಹಿಡಿದು ಒಂದು ತಾಸು ಕೂತು ನೋಡಿ. ಸಂಜೆ ರೊಟ್ಟಿ ಮುರಿಯಲೂ ಬೆರಳು ಬರಲ್ಲ.

ಸವದತ್ತಿ ಕಡೆಯವ
ಹಸಿದು ಮಾಡಿ ಒಡೆದ ಚಮಚ ಕಣ್ಣ ಮುಂದೆಯೇ ಇದೆಯಲ್ಲ ಮತ್ತೆ!

ಖಾನಾಪುರ ಮಳೆ
ಇಬ್ಬರದೂ ಅರ್ಧ ಅರ್ಧ ಸರಿ. ನಾನು ಆರು ವರ್ಷದಿಂದ ಕೆತ್ತುತ್ತಿದ್ದೇನೆ, ಹವ್ಯಾಸ ಅಷ್ಟೇ. ಹಸಿಯಲ್ಲೇ ಒರಟಾಗಿ ಆಕಾರ ತೆಗೆಯುತ್ತೇನೆ. ಗುಳಿಯ ಗೋಡೆ ಕಿರುಬೆರಳಿನ ಅರ್ಧ ದಪ್ಪ ಇರುವಾಗ ನಿಲ್ಲಿಸುತ್ತೇನೆ. ಅದನ್ನು ಅದರದೇ ಚಕ್ಕೆಗಳ ಜೊತೆ ಹಳೆ ಪತ್ರಿಕೆಯಲ್ಲಿ ಸುತ್ತಿ ನೆರಳಿನಲ್ಲಿ ಇಡುತ್ತೇನೆ. ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ಆಮೇಲೆ ಕೊನೆಯ ತೆಳು ಕೆತ್ತನೆ.

ಕಾಲವೂ ಮುಖ್ಯ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್‌ನಲ್ಲಿ ಸೀಳುವ ಭಯ. ನಮ್ಮ ಖಾನಾಪುರದಲ್ಲಿ ಜುಲೈನಲ್ಲಿ ಉಲ್ಟಾ. ಮೂರು ವಾರವಾದರೂ ಒಣಗಲ್ಲ, ಚಮಚದ ಮೇಲೆ ಬೂಸ್ಟು ಹಿಡಿಯುತ್ತೆ. ನಾನು ಪತ್ರಿಕೆ ದಿನಾ ಬದಲಾಯಿಸುತ್ತೇನೆ.

ಖಾನಾಪುರ ಮಳೆ
ಇಬ್ಬರದೂ ಅರ್ಧ ಅರ್ಧ ಸರಿ. ನಾನು ಆರು ವರ್ಷದಿಂದ

ಗುಮ್ಮಟದ ಪಿಸುಮಾತು
ಸರ, ಗೋಲ್‌ಗುಮ್ಮಟದ ಒಳಗೆ ಕೂತು ಬರೆಯುತ್ತಿದ್ದೀರಾ? ಎರಡೆರಡು ಸಲ ಕೇಳಿಸುತ್ತಿದೆ.

ಖಾನಾಪುರ ಮಳೆ
ನೆಟ್‌ವರ್ಕ್ ರೀ. ಮಳೆ ಬಂದರೆ ನಮ್ಮಲ್ಲಿ ಮೊದಲು ಹೋಗುವುದು ಅದೇ.

ರೊಟ್ಟಿ ಬಡಿಯುವ ಅಕ್ಕ
ನೀವೆಲ್ಲ ಕಟ್ಟಿಗೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಯಾವ ಅಡುಗೆಗೆ ಚಮಚ ಅಂತ ಒಬ್ಬರೂ ಕೇಳಲಿಲ್ಲ.

ನನ್ನ ತಮ್ಮನೂ ಒಂದು ಮಾಡಿಕೊಟ್ಟಿದ್ದ. ನೋಡಲು ಚಂದ, ಗುಂಡಗೆ, ಹೊಳೆಯುತ್ತಿತ್ತು. ಜುಣಕ ಮಾಡುವಾಗ ಕೈಗೆತ್ತಿಕೊಂಡೆ. ಕಡಲೆಹಿಟ್ಟು ಬಿದ್ದ ಕೂಡಲೇ ಬಾಣಲೆ ತಳಕ್ಕೆ ಹಿಡಿಯಲು ಶುರು. ತುದಿ ಗುಂಡಗಿದ್ದರೆ ತಳದಲ್ಲಿ ಬೆರಳಗಲ ಮಾತ್ರ ಕೆರೆಯುತ್ತೆ, ಉಳಿದದ್ದು ಸೀದು ಹೋಗುತ್ತೆ. ಜುಣಕಕ್ಕೆ ಬೇಕಾಗಿದ್ದು ತುದಿ ಚಪ್ಪಟೆ, ಒಂದು ಕಡೆಗೆ ಸ್ವಲ್ಪ ಓರೆ. ಬಲಗೈಯವರಿಗೆ ಎಡಗಡೆ ಮೂಲೆ ಉದ್ದ ಇರಬೇಕು. ನಾನು ಎಡಚಿ, ನನಗೆ ಬಲಗಡೆ. ಅಂಗಡಿಯಲ್ಲಿ ಸಿಗುವುದೆಲ್ಲ ಬಲಗೈಯದ್ದೇ. ಕೈಯಲ್ಲಿ ಕೆತ್ತುವುದರಲ್ಲಿ ಏನಾದರೂ ಲಾಭ ಇದ್ದರೆ ಅದು ಇದೇ, ನಮ್ಮ ಕೈ ನೋಡಿ ಮಾಡಬಹುದು.

ನುಚ್ಚು ತಿರುವಲು ಬೇರೆ. ಅದಕ್ಕೆ ಗುಳಿಯೇ ಬೇಡ, ಉದ್ದ ಹಿಡಿಕೆ, ಅಗಲ ಹಲಗೆ ಇದ್ದರೆ ಸಾಕು. ಬುಳುಬುಳು ಕುದಿಯುವಾಗ ಕೈಗೆ ಸಿಡಿಯುತ್ತೆ, ಗೇಣುದ್ದದ ಚಮಚ ಹಿಡಿದರೆ ಮುಗೀತು ಕಥೆ. ಸಾರು ಬಡಿಸಲು ಮಾತ್ರ ಆಳ ಗುಳಿ ಬೇಕು, ಹಿಡಿಕೆ ಗುಳಿಯಿಂದ ಮೇಲಕ್ಕೆ ಬಾಗಿರಬೇಕು. ನೆಟ್ಟಗಿದ್ದರೆ ಅರ್ಧ ಸಾರು ಪಾತ್ರೆಯಲ್ಲೇ ಚೆಲ್ಲುತ್ತೆ.

ಕೆತ್ತುವವರು ಮೊದಲು ನಾಲ್ಕು ದಿನ ಅಡುಗೆ ಮಾಡಿ.

ನವನಗರದವ
ಅಕ್ಕಾರ, ಅವ್ವನಿಗೆ ಓದಿ ಹೇಳಿದೆ. "ಈ ಹೆಣ್ಣುಮಗಳಿಗೆ ಬುದ್ಧಿ ಐತಿ" ಅಂದಳು. ನನ್ನದು ನೆಟ್ಟಗೇ ಇದೆ, ಬಾಗು ಇಲ್ಲವೇ ಇಲ್ಲ.

ಬಡಿಗೇರ ಮನೆ
ಬಾಗಿಗೆ ಒಂದು ಉಪಾಯ. ನೆಟ್ಟಗಿನ ಟೊಂಗೆಗಿಂತ ತಾನಾಗಿ ಬಾಗಿರುವ ಟೊಂಗೆ ಹುಡುಕು. ಸೀಳಿದರೆ ನಾರೂ ಬಾಗಿಯೇ ಇರುತ್ತೆ, ನೀನು ಬರೀ ಸಿಪ್ಪೆ ತೆಗೆಯುವುದು. ನೇಗಿಲಿಗೆ ಕಟ್ಟಿಗೆ ಹುಡುಕುವಾಗ ಹಿರಿಯರು ಹೀಗೇ ಗಿಡ ಗಿಡ ನೋಡುತ್ತಾ ಹೋಗುತ್ತಿದ್ದರು.

ಇಂಡಿ ನಿಂಬೆ
ಬಾಗಿದ ಚಾಕು ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಆನ್‌ಲೈನಿನಲ್ಲಿ ಸ್ವೀಡನ್ನಿನ ಮೋರಾ ಚಾಕು ಸಿಗುತ್ತೆ, ಗುಳಿಗೆ 164 ನಂಬರಿನದು, ಹೊರಗೆ ಕೆತ್ತಲು 106 ಅಥವಾ 120. ಚೆನ್ನಾಗಿವೆ, ಆದರೆ ಬೆಲೆ ನೋಡಿ ನಾನು ಹಿಂದೆ ಸರಿದೆ.

ನಮ್ಮೂರ ಕಂಬಾರ ಕಾಕಾನ ಹತ್ತಿರ ಹೋದೆ. ಕಬ್ಬಿಣ ಉಜ್ಜುವ ಸವೆದ ಒಂದು ಅರ ತೆಗೆದುಕೊಂಡು ಹೋಗಿದ್ದೆ. ಅರದ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಅಲುಗು ಚೆನ್ನಾಗಿ ನಿಲ್ಲುತ್ತೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿ, "ಕುಡಗೋಲಿನ ಮರಿ" ಅಂದ. ಮೊದಲನೆಯದು ನಿಜಕ್ಕೂ ಕುಡಗೋಲಿನ ಮರಿಯೇ ಆಯಿತು. ದಪ್ಪ, ಬಾಗು ಅಗಲ, ಚಮಚದ ಗುಳಿಯಲ್ಲಿ ತಿರುಗುತ್ತಲೇ ಇರಲಿಲ್ಲ. ಎರಡನೆಯದಕ್ಕೆ ನಾನು ಒಂದು ರೂಪಾಯಿ ನಾಣ್ಯ ಕೊಟ್ಟೆ, ಇದಕ್ಕಿಂತ ಸ್ವಲ್ಪ ದೊಡ್ಡ ಬಾಗು ಅಂತ. ಮೊದಲು ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದ. ಹಲ್ಲು ಉಳಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತಂತೆ. ಕುಲುಮೆಯಲ್ಲಿ ಕೆಂಪು ಮಾಡಿ, ಒಂದು ಕಬ್ಬಿಣದ ಸಲಾಕೆ ಸುತ್ತ ಬಡಿದು ಬಾಗಿಸಿದ. ನಂತರ ಮತ್ತೆ ಕಾಯಿಸಿ, ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ತಾಗಿಸಿ ನೋಡಿದ. ಅಂಟಿತು, ಮತ್ತೆ ಕುಲುಮೆಗೆ. ಇನ್ನೊಂದು ಸಲ ತಾಗಿಸಿದಾಗ ಅಂಟಲಿಲ್ಲ. ಇನ್ನು ಒಂದು ಸುತ್ತು ಕಾಯಿಸಿ ಸೀದಾ ಎಣ್ಣೆ ಡಬ್ಬಿಗೆ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತೆ ಅಂತ ನಾನು ಓದಿದ್ದೆ. ಕಾಕಾ ಓದಿಲ್ಲ, ಅವರ ಅಪ್ಪನಿಂದ ಕಲಿತಿದ್ದು.

ಎಣ್ಣೆಯಿಂದ ತೆಗೆದಾಗ ಅದು ಗಾಜಿನ ಹಾಗೆ, ಬಿದ್ದರೆ ಮುರಿಯುತ್ತೆ. ಮನೆಗೆ ತಂದು ಮೈ ಉಜ್ಜಿ ಬಿಳಿ ಮಾಡಿ, ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ತಾಸು ಇಟ್ಟೆ. ಒಣಗಿದ ಜೋಳದ ದಂಟಿನ ಬಣ್ಣ ಬಂತು. ಅಷ್ಟೇ ಹದ. ಎರಡಕ್ಕೂ ಸೇರಿ ನೂರೈವತ್ತು ರೂಪಾಯಿ, ಮೇಲೆ ಚಹಾ ಅವರೇ ಕುಡಿಸಿದರು.

ನವನಗರದವ
ಅಣ್ಣಾ, ಅದನ್ನು ಸಾಣೆ ಹಿಡಿಯುವುದು ಹೇಗೆ? ಬಾಗು ಒಳಗೆ ಕಲ್ಲು ಹೋಗಲ್ವಲ್ಲ.

ಇಂಡಿ ನಿಂಬೆ
ಕಲ್ಲು ಬೇಡ. ಬೆರಳು ದಪ್ಪದ ಪೈಪ್ ತುಂಡಿಗೆ ನೀರು ಹಾಕಿ ಉಜ್ಜುವ ಪೇಪರ್ ಸುತ್ತು. ಮೊದಲು 400 ನಂಬರಿನ ಪೇಪರ್, ಆಮೇಲೆ 800, ಕೊನೆಗೆ 1500. ಒಳಗಿನ ಮುಖಕ್ಕೆ ಪೈಪ್, ಹೊರಗಿನ ಮುಖಕ್ಕೆ ಪೇಪರನ್ನು ಹಲಗೆ ಮೇಲೆ ಅಂಟಿಸಿ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಮೇಲೆ ಎಳೆ. ಮೊಂಡು ಚಾಕುವೇ ಜಾಸ್ತಿ ಗಾಯ ಮಾಡುವುದು, ನಾವು ಜೋರು ಹಾಕುತ್ತೇವಲ್ಲ, ಜಾರುತ್ತೆ. ನಿನ್ನ ಹೆಬ್ಬೆರಳಿನ ಎರಡು ಪಟ್ಟಿಗೂ ಅದೇ ಕಾರಣ ಇರಬಹುದು.

ಮೋಟಾರ್ ಕಾಕಾ
ಇಷ್ಟೆಲ್ಲ ತಾಪತ್ರಯ ಯಾಕೆ? ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ, ಕಟ್ಟಿಗೆ ಸೌಟು ರಾಶಿ ಹಾಕಿರುತ್ತಾರೆ. ಬಾಗಿಲು, ಚೌಕಟ್ಟು, ಮಂಚ ಎಲ್ಲಾ ಸಿಗುವ ಜಾತ್ರೆ ಅದು. ನಲವತ್ತು ರೂಪಾಯಿಗೆ ಒಂದು ತಗೊಂಡು ಬಂದರೆ ಆಯಿತು. ಎರಡು ರವಿವಾರ, ಎರಡು ಪಟ್ಟಿ ಉಳಿಯಿತು.

ಬಡಿಗೇರ ಮನೆ
ಕಾಕಾ, ಆ ನಲವತ್ತು ರೂಪಾಯಿಯ ಸೌಟು ಮಾಡಿದವನಿಗೆ ಎಷ್ಟು ಉಳಿಯಿತು ಅಂತ ಒಂದು ಸಲ ಕೇಳಿ.

ಮೋಟಾರ್ ಕಾಕಾ
ಮಷೀನಲ್ಲಿ ಮಾಡಿರುತ್ತಾರೆ, ಉಳಿಯುತ್ತೆ ಬಿಡಿ.

ತಿಲಕವಾಡಿ ಹುಡುಗಿ
ಬೆಳಗಾವಿಯಲ್ಲಿ ನನ್ನ ಗೆಳತಿ ಕೈಯಲ್ಲಿ ಕೆತ್ತಿದ ಚಮಚಕ್ಕೆ ಆರು ನೂರು ಹೇಳುತ್ತಾಳೆ, ಹೋಗುತ್ತವೆ. ಕೊಂಡವರು ಅಡುಗೆಗೆ ಬಳಸುವುದಿಲ್ಲ, ಗೋಡೆಗೆ ನೇತು ಹಾಕಿ ಫೋಟೊ ತೆಗೆಯುತ್ತಾರೆ. ಅದಕ್ಕೇ ನನಗೆ ಬೇಜಾರು. ಒಂದಕ್ಕೆ ಮೂರು ತಾಸು ಬೇಕು, ಆರು ನೂರು ಜಾಸ್ತಿ ಅಂತ ನಾನು ಹೇಳಲ್ಲ.

ರೊಟ್ಟಿ ಬಡಿಯುವ ಅಕ್ಕ
ಗೋಡೆಗೆ ನೇತು ಹಾಕಲು ಆರು ನೂರಾ? ನಮ್ಮ ಅತ್ತೆಯವರ ಕೊಣಮಿಗಿ, ಅದೇ ಹಿಟ್ಟು ನಾದುವ ಕಟ್ಟಿಗೆ ಪರಾತ, ನಲವತ್ತು ವರ್ಷದಿಂದ ಹಿಟ್ಟು ನಾದುತ್ತಿದೆ, ಅದನ್ನು ಯಾರೂ ಫೋಟೊ ತೆಗೆದಿಲ್ಲ.

ಅಮೀನಗಡ ಎಕ್ಸ್‌ಪ್ರೆಸ್
ಕಟ್ಟಿಗೆ ಹುಟ್ಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕರದಂಟಿಗೆ ಬೆಲ್ಲದ ಪಾಕ ತಿರುವುವಾಗ ಕಟ್ಟಿಗೆಯದ್ದೇ ಬೇಕು. ಸ್ಟೀಲ್ ಸೌಟು ಎರಡು ನಿಮಿಷಕ್ಕೆ ಕೈ ಸುಡುತ್ತೆ. ಕಟ್ಟಿಗೆಗೆ ಶಾಖ ಏರುವುದು ನಿಧಾನ.

ಗೋಕಾಕ ಸಿಹಿ
ಕರದಂಟು ಅಂದರೆ ಗೋಕಾಕದ್ದು. ಅಮೀನಗಡದ್ದು ಆಮೇಲೆ.

ಅಮೀನಗಡ ಎಕ್ಸ್‌ಪ್ರೆಸ್
ಬಂದ ನೋಡಿ!

ತಿಲಕವಾಡಿ ಹುಡುಗಿ
ಎರಡೂ ಬಿಡಿ, ಕುಂದಾ ತಿನ್ನಿ. ಹಾಲು ಕಂದು ಬಣ್ಣ ಬರುವವರೆಗೆ ತಿರುವುತ್ತಾ ನಿಂತರೆ ಗೊತ್ತಾಗುತ್ತೆ ಚಪ್ಪಟೆ ತುದಿಯ ಬೆಲೆ. ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ವೇದಿಕೆ ನಿರ್ವಾಹಕ
ಸಿಹಿ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಚಮಚ ಮಾತ್ರ.

ಗೋಕಾಕ ಸಿಹಿ
ಸರಿ, ಚಮಚದ್ದೇ ಹೇಳುತ್ತೇನೆ. ಗೋಕಾಕದ ಗೊಂಬೆ ಮಾಡುವ ಹಗುರ ಕಟ್ಟಿಗೆಯಲ್ಲಿ ಚಮಚ ಮಾಡಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಮಾಡಿ ನೋಡಿದೆ. ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ, ಖುಷಿಯಾಗುತ್ತೆ. ಎರಡು ಸಲ ಬಿಸಿ ಸಾರಿನಲ್ಲಿ ಮುಳುಗಿಸಿದ ಮೇಲೆ ತುದಿ ನಾರು ನಾರು. ಗೊಂಬೆ ನೀರು ಕುಡಿಯಲ್ಲ, ಬಣ್ಣ ಹಚ್ಚಿರುತ್ತಾರೆ. ಚಮಚ ಕುಡಿಯುತ್ತೆ.

ನವನಗರದವ
ಹಾಗಾದರೆ ಯಾವ ಕಟ್ಟಿಗೆ?

ಖಾನಾಪುರ ಮಳೆ
ವಿಡಿಯೊಗಳಲ್ಲಿ ಕೆತ್ತುವುದು ಹಸಿ ಬರ್ಚ್, ಚಳಿ ದೇಶಗಳ ಮರ. ನಮ್ಮಲ್ಲಿ ಅಷ್ಟು ಮೆತ್ತಗೆ, ಅಷ್ಟು ನಯ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ನನಗೆ ಇಷ್ಟ ಪೇರಲ. ನಾರು ಸಣ್ಣ, ವಾಸನೆ ಇಲ್ಲ, ಹಿತ್ತಲಲ್ಲೇ ಇರುತ್ತೆ. ಬಾರಿ ಹಣ್ಣಿನ ಗಿಡದ್ದೂ ಚೆನ್ನಾಗಿರುತ್ತೆ, ಗಟ್ಟಿ. ಹುಣಸೆ ಇನ್ನೂ ಗಟ್ಟಿ, ಕೆತ್ತುವವರ ತಾಳ್ಮೆ ನೋಡುತ್ತೆ. ಬೇವು ಮಧ್ಯಮ, ಮೊದಲ ಕೆಲವು ದಿನ ಕಹಿ ವಾಸನೆ ಇರುತ್ತೆ, ತೊಳೆದು ಬಳಸುತ್ತಾ ಹೋದರೆ ಕಡಿಮೆಯಾಗುತ್ತೆ. ಮಾವು ಸುಲಭ, ಆದರೆ ಹುಳ ಬೇಗ ಬರುತ್ತೆ, ಹಸಿ ಮಾವಿನ ಸೊನೆ ಕೆಲವರ ಚರ್ಮಕ್ಕೆ ತುರಿಕೆ. ಸಾಗವಾನಿ ಬೇಡ. ರಂಧ್ರ ದೊಡ್ಡವು, ಅರಿಶಿನ ಕೂತರೆ ಹೋಗಲ್ಲ, ಚಾಕುವೂ ಬೇಗ ಮೊಂಡಾಗುತ್ತೆ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಕಣಗಿಲ ಟೊಂಗೆ ನೆಟ್ಟಗೆ, ನಯವಾಗಿ ಕಾಣುತ್ತೆ. ಮುಟ್ಟಬೇಡಿ. ಇಡೀ ಗಿಡವೇ ವಿಷ. ಯಾವ ಗಿಡ ಅಂತ ಖಾತ್ರಿ ಇಲ್ಲದಿದ್ದರೆ ಅದರಿಂದ ಊಟದ ಚಮಚ ಮಾಡಲೇಬೇಡಿ.

ಮುದ್ದೇಬಿಹಾಳ ರೈತ
ಬಳ್ಳಾರಿ ಜಾಲಿ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ನಮ್ಮ ಹೊಲದ ಬದು ತುಂಬ ಅದೇ. ಇದ್ದಿಲು ಸುಡುವವರು ಬಿಟ್ಟರೆ ಯಾರಿಗೂ ಬೇಡ.

ಖಾನಾಪುರ ಮಳೆ
ಒಳಗಿನ ಕಂದು ಕೆಚ್ಚು ಬಹಳ ಒಳ್ಳೆಯದು. ಒಣಗುವಾಗ ಕುಗ್ಗುವುದು ಕಡಿಮೆ, ಹಾಗಾಗಿ ಸೀಳುವುದೂ ಕಡಿಮೆ. ಆದರೆ ಗಟ್ಟಿ, ಹಸಿಯಲ್ಲೇ ಕೆತ್ತಬೇಕು. ಮುಳ್ಳು ಚುಚ್ಚಿದರೆ ಬಾವು ಬರುತ್ತೆ, ಹುಷಾರು. ಬೇರೆ ಗಿಡಗಳಾದರೆ ಹೊಲದ್ದೇ ಆದರೂ ಬುಡಸಮೇತ ಕಡಿಯುವ ಮೊದಲು ಅನುಮತಿ ಕೇಳಿ, 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಚಮಚಕ್ಕೆ ಸವರಿದ ಟೊಂಗೆಯೇ ಸಾಕು.

ಸವದತ್ತಿ ಕಡೆಯವ
ಎಣ್ಣೆ ಪ್ರಶ್ನೆ ಹಾಗೇ ಉಳಿಯಿತು. ಶೇಂಗಾ ಎಣ್ಣೆ ಹಚ್ಚಿ, ಮನೆಯಲ್ಲೇ ಇರುತ್ತೆ.

ತಿಲಕವಾಡಿ ಹುಡುಗಿ
ಬೇಡವೇ ಬೇಡ! ನಾನು ಹಚ್ಚಿದ್ದೆ. ಹದಿನೈದು ದಿನಕ್ಕೆ ಅಂಟು ಅಂಟು, ಹಳೆ ಚಕ್ಕುಲಿ ಡಬ್ಬಿ ತೆರೆದ ಹಾಗೆ ಕಮಟು ವಾಸನೆ.

ಬಡಿಗೇರ ಮನೆ
ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಗಾಳಿಗೆ ಗಟ್ಟಿಯಾಗಲ್ಲ, ಒಳಗೇ ಇದ್ದು ಕೆಡುತ್ತವೆ. ಅಗಸಿ ಎಣ್ಣೆ ಗಾಳಿಯ ಜೊತೆ ಸೇರಿ ಗಟ್ಟಿ ಪದರ ಆಗುತ್ತೆ. ಗಾಣದ್ದು, ತಿನ್ನುವಂಥದ್ದು ತಗೋ. ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸಿ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ, ಅದು ಬಾಗಿಲಿಗೆ, ಬಾಯಿಗಲ್ಲ. ತೆಳುವಾಗಿ ಹಚ್ಚಿ, ಹೆಚ್ಚಾಗಿದ್ದನ್ನು ಒರೆಸಿ, ಎರಡು ಮೂರು ವಾರ ಬಿಡು. ಈಗ ಚಮಚ ಪೂರ್ತಿ ಒಣಗಿರುವುದರಿಂದ ಬಿಸಿಲು ನಡೆಯುತ್ತೆ. ಕುಸುಬಿ ಎಣ್ಣೆಯೂ ಪರವಾಗಿಲ್ಲ, ನಿಧಾನ.

ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡ. ಅಗಸಿ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಡುತ್ತೆ, ಉಂಡೆಯೊಳಗೆ ಶಾಖ ಕೂಡಿ ತಾನಾಗಿ ಬೆಂಕಿ ಹತ್ತುತ್ತೆ. ಬಿಡಿಸಿ ಹೊರಗೆ ಒಣಗಿಸು, ಇಲ್ಲಾ ನೀರಲ್ಲಿ ಹಾಕು.

ಮೋಟಾರ್ ಕಾಕಾ
ಚಮಚ ಮಾಡಲು ಹೋಗಿ ಮನೆ ಸುಟ್ಟುಕೊಳ್ಳುವುದು. ನಲವತ್ತು ರೂಪಾಯಿ ಅಂದೆ ನಾನು.

ಇಂಡಿ ನಿಂಬೆ
ಪಾಲಿಶ್ ಪೇಪರ್ ಹಾಕುವವರಿಗೆ: ತಿಕ್ಕಿದ ಮೇಲೆ ಒಂದು ಸಲ ನೀರಲ್ಲಿ ಅದ್ದಿ ಒಣಗಿಸಿ. ನಾರು ಎದ್ದು ಗಡ್ಡದ ಹಾಗೆ ಚುಚ್ಚುತ್ತೆ. ಮತ್ತೆ ತಿಕ್ಕಿ. ಇದನ್ನು ಎರಡು ಸಲ ಮಾಡದಿದ್ದರೆ ಮೊದಲ ಸಾರಿಗೇ ತುಟಿಗೆ ಗೊತ್ತಾಗುತ್ತೆ. ನಾನು ಈಗ ಪೇಪರ್ ಬಿಟ್ಟಿದ್ದೇನೆ, ಹರಿತ ಚಾಕುವಿನ ಕೊನೆಯ ಕೆತ್ತನೆಯೇ ನಯ.

ನವನಗರದವ
ಒಡೆದದ್ದನ್ನು ಅಂಟು ಹಾಕಿ ಉಳಿಸಬಹುದಾ?

ಬಡಿಗೇರ ಮನೆ
ಊಟಕ್ಕೆ ಬೇಡ. ಬಿರುಕಿನಲ್ಲಿ ಅನ್ನದ ಅಗುಳು ಕೂತು ಕೊಳೆಯುತ್ತೆ. ತುಳಸಿ ಕುಂಡಕ್ಕೆ ಮಣ್ಣು ಹಾಕಲು ಇಟ್ಟುಕೋ.

ನವನಗರದವ
ಐದು ವಾರದ ನಂತರ ಬರುತ್ತಿದ್ದೇನೆ. ಪಕ್ಕದ ಓಣಿಯಲ್ಲಿ ಪೇರಲ ಗಿಡ ಸವರುತ್ತಿದ್ದರು, ಬಾಗಿದ ಟೊಂಗೆ ಕೇಳಿ ತಂದೆ. ಸೀಳಿದೆ, ತಿರುಳು ತೆಗೆದೆ. ಇಂಡಿ ಅಣ್ಣ ಹೇಳಿದ ಹಾಗೆ ನಮ್ಮ ಕಂಬಾರರ ಹತ್ತಿರ ಚಾಕು ಮಾಡಿಸಿದೆ, ನಾಣ್ಯವನ್ನೂ ತೋರಿಸಿದೆ. ಪತ್ರಿಕೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೆ, ಅವ್ವ ಎರಡು ಸಲ ಕಸ ಅಂತ ಎಸೆಯಲು ಹೋಗಿದ್ದಳು. 61 ಗ್ರಾಂ ಇದ್ದದ್ದು 38ಕ್ಕೆ ಬಂದು ನಿಂತಿತು. ಹಿಡಿಕೆ ಸ್ವಲ್ಪ ಎಡಕ್ಕೆ ತಿರುಗಿದೆ, ಸೀಳಿಲ್ಲ. ತುದಿ ಚಪ್ಪಟೆ, ಅಕ್ಕ ಹೇಳಿದ ಓರೆಯೂ ಇದೆ. ಅಗಸಿ ಎಣ್ಣೆ ಹಚ್ಚಿ ಎರಡು ವಾರ ಬಿಟ್ಟೆ.

ನಿನ್ನೆ ಅವ್ವ ಏನೂ ಹೇಳದೆ ಅದನ್ನೇ ತಗೊಂಡು ಜುಣಕ ತಿರುವಿದಳು. ಊಟಕ್ಕೆ ಕೂತಾಗ, "ಹಿಡಿಕಿ ಎರಡು ಬೆರಳು ಗಿಡ್ಡ ಆತು" ಅಂದಳು.

ರೊಟ್ಟಿ ಬಡಿಯುವ ಅಕ್ಕ
ನನಗೊಂದು ಮಾಡಿಕೊಡು ತಮ್ಮಾ. ಎಡಗೈಯದ್ದು. ಹಿಡಿಕೆ ಎರಡು ಬೆರಳು ಉದ್ದ.

ಮೋಟಾರ್ ಕಾಕಾ
ಎಷ್ಟು ರೇಟು?

ಮುದ್ದೇಬಿಹಾಳ ರೈತ
ಬಳ್ಳಾರಿ ಜಾಲಿ ಬದುವಿನಿಂದ ಕಡಿಸುತ್ತಿದ್ದೇನೆ, ಟ್ರ್ಯಾಕ್ಟರ್ ತುಂಬ ಇದೆ. ಬೇಕಾದವರು ಈ ವಾರದೊಳಗೆ ಬನ್ನಿ, ಆಮೇಲೆ ಇದ್ದಿಲಿಗೆ ಹೋಗುತ್ತೆ. ಬರುವಾಗ ದಪ್ಪ ಚಪ್ಪಲಿ ಹಾಕಿಕೊಂಡು ಬನ್ನಿ.